ನೀರೊಳಗಿನ ಕೀಲು

ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ಕುಳಿತು ಹಾಯಿದೋಣಿಯ ವಿಚಾರ ಬರೆಯಹೊರಟರೆ ಓದುಗರು ನಕ್ಕಾರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಕೆರೆಗಳು ಲೆಕ್ಕಕ್ಕೆ ಸಾವಿರಾರು. ಅವು ತುಂಬಿ ಕೋಡಿ ಹರಿಯುವುದನ್ನು ಕಾಣುವ ಭಾಗ್ಯ ಅಪರೂಪ. ಆದರೂ ಶ್ರಾವಕಾಚಾರದ ಕೆಲವು ಪದಗಳನ್ನು ಈ ವಯಸ್ಸಿನಲ್ಲಿ ನಾನು ಮತ್ತೊಮ್ಮೆ ಬಿಡಿಸಿ ಓದುವಂತೆ ಮಾಡಿದ್ದು ಒಂದು ಹಳೆಯ ಹಾಯಿದೋಣಿ. ಅದರಲ್ಲಿಯೂ ಆ ದೋಣಿಯ ತಳದಲ್ಲಿ ಯಾರ ಕಣ್ಣಿಗೂ ಬೀಳದಂತೆ ತೂಗುವ ಒಂದು ಕಬ್ಬಿಣದ ಹಲಗೆ. ಆದುದರಿಂದ ಆ ವಿಷಯವನ್ನೇ ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ನನ್ನ ಮಗಳು ಮತ್ತು ಅಳಿಯ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿದ್ದಾರೆ. ಆ ಊರಿನ ಪಕ್ಕದಲ್ಲಿ ಕೊಲರಾಡೋ ಎಂಬ ನದಿಗೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಟ್ರಾವಿಸ್ ಎಂಬ ದೊಡ್ಡ ಜಲಾಶಯವಿದೆ. ರಜಾದಿನಗಳಲ್ಲಿ ಅಲ್ಲಿ ವಿಹರಿಸಲೆಂದು ಅವರಿಬ್ಬರೂ ಕೈಬದಲಾದ ಒಂದು ಸಣ್ಣ ಹಾಯಿದೋಣಿಯನ್ನು ಕೊಂಡರು. ಕೊಂಡ ಕೆಲವೇ ದಿನಗಳಲ್ಲಿ ಮಗಳಿಂದ ದೂರವಾಣಿ ಬಂತು. “ಅಪ್ಪಾ, ದೋಣಿಯನ್ನು ನೀರಿನಲ್ಲಿಯೇ ಕಟ್ಟಿ ನಿಲ್ಲಿಸುವುದಾದರೆ ತಳಕ್ಕೆ ವಿಷದ ಬಣ್ಣ ಬಳಿಯಬೇಕಂತೆ. ಬಳಿಯಬಹುದೇ?” ಎಂದು ಕೇಳಿದಳು. ಹುಟ್ಟಿದಂದಿನಿಂದ ನೀರು ಸೋಸಿ ಕುಡಿದ ಹುಡುಗಿ ಕೇಳತಕ್ಕ ಪ್ರಶ್ನೆಯೇ ಅದು.

ಉತ್ತರಿಸುವ ಮೊದಲು ದೋಣಿಯ ರಚನೆಯನ್ನು ನಾನೇ ಅರಿತುಕೊಳ್ಳಬೇಕಾಯಿತು. ಹಾಯಿಗೆ ಗಾಳಿ ತಗುಲಿದಾಗ ದೋಣಿ ಮುಂದಕ್ಕಷ್ಟೇ ಹೋಗದೆ ಪಕ್ಕಕ್ಕೂ ಜಾರುತ್ತದೆ, ವಾಲುತ್ತದೆ. ಜಾರದಂತೆ ನೀರನ್ನು ಕಚ್ಚಿ ಹಿಡಿಯಲು, ವಾಲಿದರೆ ಮತ್ತೆ ನೆಟ್ಟಗಾಗಲು ತಳದಲ್ಲಿ ಭಾರವಾದ ಒಂದು ಹಲಗೆ ಬೇಕು. ಅದನ್ನು ಇಂಗ್ಲಿಷಿನಲ್ಲಿ ಕೀಲ್ ಎನ್ನುತ್ತಾರೆ. ನಮ್ಮ ಸೈನ್ಯದ ಎಂಜಿನಿಯರುಗಳು 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು ಭೂಪ್ರದಕ್ಷಿಣೆ ಮಾಡಿ 1987ರ ಜನವರಿಯಲ್ಲಿ ಹಿಂದಿರುಗಿದ ‘ತೃಷ್ಣಾ’ ಎಂಬ ದೋಣಿಗೆ ಇಂತಹ ಕೀಲ್ ಅಚಲವಾಗಿ ಜೋಡಣೆಯಾಗಿತ್ತು. (ಅಪರಿಗ್ರಹವನ್ನು ಬೋಧಿಸುವ ನಮಗೆ ಆ ಹೆಸರು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ, ಇರಲಿ.) ಅಂತಹ ದೋಣಿ ಆಳವಾದ ನೀರಿನಲ್ಲಿಯೇ ನಿಲ್ಲಬೇಕು. ಅದನ್ನು ಮನೆಯಂಗಳಕ್ಕೆ ಎಳೆದು ತರುವುದು ಸುಲಭವಲ್ಲ.

ಮಗಳ ದೋಣಿಯದು ಸ್ವಿಂಗ್ ಕೀಲ್, ಎಂದರೆ ತೂಗಾಡುವ ಕೀಲ್. ಹಲಗೆಯ ಮೇಲ್ತುದಿಯಲ್ಲಿ ಒಂದು ರಂಧ್ರ. ಅದರಲ್ಲಿ ಅಡ್ಡಲಾಗಿ ಒಂದು ಲೋಹದ ಕೀಲು. ಹಿಂಬದಿಗೆ ಕಟ್ಟಿದ ಉಕ್ಕಿನ ತಂತಿಹಗ್ಗವನ್ನು ದೋಣಿಯೊಳಗಿನ ರಾಟೆಯಿಂದ ಸುತ್ತಿದರೆ ಹಲಗೆ ಹಿಂದಕ್ಕೆ ಮಡಿಸಿಕೊಂಡು ತಳಕ್ಕೆ ಬಂದು ಒರಗುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಇಂಗ್ಲಿಷಿನ ಕೀಲ್‌ಗೂ ಕನ್ನಡದ ಕೀಲಿಗೂ ಶಬ್ದಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ಅವರ ಕೀಲ್ ಇಡೀ ನಿಂತಿರುವುದು ನಮ್ಮ ಕೀಲಿನ ಮೇಲೆಯೇ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಹಾಗೆ.

ಈ ಬಗೆಯ ದೋಣಿಗಳಲ್ಲಿ ಬಹುಪ್ರಸಿದ್ಧವಾದುದು 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ಯಾಟಲೀನಾ 22. ಹದಿನೈದು ಸಾವಿರಕ್ಕೂ ಹೆಚ್ಚು ತಯಾರಾದ ದೋಣಿ ಅದು. ಅದರ ತೂಗುಕೀಲ್‌ನ ತೂಕ ಸುಮಾರು 250 ಕಿಲೋಗ್ರಾಂ. ಇಳಿಸಿದಾಗ ದೋಣಿಗೆ 5 ಅಡಿ ಆಳದ ನೀರು ಬೇಕು, ಎತ್ತಿದಾಗ 2 ಅಡಿ ಸಾಕು. ಮಗಳ ದೋಣಿ ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಅಳತೆಯಲ್ಲಿ ಅದೂ ಹೆಚ್ಚು ಕಡಿಮೆ ಇಷ್ಟೇ. 2 ಅಡಿ ನೀರಿನಲ್ಲಿ ತೇಲುವ ದೋಣಿಯನ್ನು ಚಕ್ರದ ಬಂಡಿಯ ಮೇಲೆ ಹತ್ತಿಸಿ, ಕಾರಿಗೆ ಕಟ್ಟಿಕೊಂಡು ಮನೆಗೆ ತರಬಹುದು.

ಇನ್ನು ವಿಷದ ಬಣ್ಣದ ಮಾತು. ನೀರಿನಲ್ಲಿಯೇ ನಿಂತ ದೋಣಿಯ ತಳಕ್ಕೆ ಪಾಚಿಯೂ ಚಿಪ್ಪಿನ ಜೀವಿಗಳೂ ಅಂಟಿ ಬೆಳೆಯುತ್ತವೆ. ಬೆಳೆದಷ್ಟೂ ವೇಗ ಕುಂದುತ್ತದೆ. ಅವು ಕೂರದಂತೆ, ಕೂತರೆ ಸಾಯುವಂತೆ ತಾಮ್ರದ ಸಂಯುಕ್ತ ಬೆರೆಸಿದ ಬಣ್ಣ ಬಳಿಯುವುದು ಲೋಕರೂಢಿ. ಆ ಬಣ್ಣ ಕೆಲಸ ಮಾಡುವುದೇ ತನ್ನ ವಿಷವನ್ನು ದಿನದಿನವೂ ಅಷ್ಟಷ್ಟಾಗಿ ನೀರಿಗೆ ಬಿಡುವುದರಿಂದ. ಹಿಂದೆ ಟ್ರೈಬ್ಯೂಟೈಲ್ ಟಿನ್ ಎಂಬ ಇನ್ನೂ ಘೋರವಾದ ತವರದ ಸಂಯುಕ್ತವಿತ್ತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಅದರಿಂದ ಸಿಂಪಿಗಳ ಸಂತತಿಯೇ ಕುಸಿಯಿತು. ಬೇರೆಡೆ ಸಮುದ್ರದ ಹೆಣ್ಣು ಶಂಖಹುಳುಗಳಲ್ಲಿ ಗಂಡಿನ ಅವಯವ ಮೂಡಿ ಅವು ಬಂಜೆಯಾದವು. 1982ರಲ್ಲಿ ಫ್ರಾನ್ಸ್ ದೇಶ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ 2001ರಲ್ಲಿ ಸಿದ್ಧವಾಗಿ 2008ರಲ್ಲಿ ಜಾರಿಗೆ ಬಂತು. ಶಂಖ, ಚಿಪ್ಪುಗಳನ್ನು ದ್ವೀಂದ್ರಿಯ ಜೀವಗಳೆಂದು ಎಣಿಸಿ, ಅವಕ್ಕೂ ನೋವಿದೆಯೆಂದು ಸಾರಿದ ಪರಂಪರೆಯವರಿಗೆ ಈ ಇತಿಹಾಸ ಹೊಸ ಪಾಠವನ್ನೇನೂ ಕಲಿಸುವುದಿಲ್ಲ. ಆದರೂ ತಿಳಿದಿರಬೇಕು.

ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳನ್ನು ಎಣಿಸುತ್ತದೆ. ವಿಷವಾಣಿಜ್ಯ ಅವುಗಳಲ್ಲೊಂದು. ನಮ್ಮ ಸುತ್ತಮುತ್ತ ತರಕಾರಿ, ಹೂವಿನ ಬೆಳೆ ಹೆಚ್ಚು. ಕೀಟನಾಶಕದ ವ್ಯಾಪಾರದಲ್ಲಿ ಒಳ್ಳೆಯ ಲಾಭವಿದೆ. ಆದರೂ ನಮ್ಮ ಅಂಗಡಿಯಲ್ಲಿ ಆ ಡಬ್ಬಗಳು ಬಂದಿಲ್ಲ. ಮಾರದವನು ಬಳಿಯಬಹುದೆಂದು ಹೇಗೆ ಹೇಳಲಿ? “ದೋಣಿಯನ್ನು ನೀರಿನಲ್ಲಿ ನಿಲ್ಲಿಸಬೇಡಿ. ಪ್ರತಿಸಲವೂ ಎತ್ತಿ ಮನೆಗೆ ತನ್ನಿ. ಒಣಗಿದ ಹಲಗೆಗೆ ಯಾವ ಜೀವವೂ ಅಂಟುವುದಿಲ್ಲ, ವಿಷವೂ ಬೇಕಾಗುವುದಿಲ್ಲ. ನಿಮ್ಮ ಕೀಲ್ ಮಡಿಸುವ ಜಾತಿಯದಾದ್ದರಿಂದ ಅದು ಸಾಧ್ಯ” ಎಂದೆ. ಆಕೆ ಒಪ್ಪಿದಳು. ದೋಣಿಗೆ ಹೋಗುವ ಪ್ರತಿಯೊಂದು ದಿನಕ್ಕೂ ಎರಡು ಗಂಟೆಯ ದುಡಿಮೆ ಹೆಚ್ಚಾಯಿತೆಂದು ಅಳಿಯ ನಗುತ್ತಲೇ ದೂರಿಕೊಂಡರು.

ಇಲ್ಲಿ ಕೆಲವು ಹಿರಿಯರು ಕೇಳಬಹುದು: ವಿನೋದಕ್ಕಾಗಿ ನೀರಿಗಿಳಿಯುವುದೇ ಅನರ್ಥದಂಡವಲ್ಲವೇ? ಪ್ರಶ್ನೆ ನ್ಯಾಯವಾದುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಕ್ಕೆ ಐದು ಭೇದಗಳಿವೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ನಿಷ್ಪ್ರಯೋಜಕವಾಗಿ ಮಣ್ಣು, ನೀರು, ಬೆಂಕಿ, ಗಾಳಿಗಳನ್ನು ಕಲಕುವುದನ್ನೂ ಒಳಗೊಳ್ಳುತ್ತದೆ. ವಿಹಾರದ ದೋಣಿ ದೋಷರಹಿತವೆಂದು ನಾನು ವಾದಿಸುವುದಿಲ್ಲ. ಆದರೆ ರಜೆಯ ದಿನ ನೂರಾರು ಮೈಲಿ ಕಾರು ಓಡಿಸುವವರನ್ನು ಯಾವ ಸಭೆಯಲ್ಲೂ ಯಾರೂ ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ. ಗಾಳಿಯಿಂದ ನಡೆಯುವ ವಾಹನಕ್ಕೆ ಮಾತ್ರ ಶಾಸ್ತ್ರದ ಕತ್ತಿ ಹಿರಿಯುವುದು ಸರಿಯೆನಿಸದು.

ಮಡಿಸುವ ಕೀಲ್‌ನ ಅನುಕೂಲ ಉಚಿತವಾಗಿ ಬರುವುದಿಲ್ಲ. ಅಚಲವಾದ ಕೀಲ್‌ಗೆ ಚಲಿಸುವ ಅಂಗಗಳಿಲ್ಲ. ಇದಕ್ಕೆ ಕೀಲು, ಅದನ್ನು ಹೊತ್ತ ಹಿಡಿಕೆಗಳು, ತಂತಿಹಗ್ಗ, ಉರುಳೆ, ರಾಟೆ ಎಂದು ಹತ್ತೆಂಟು. ಅವುಗಳಲ್ಲಿ ಬಹುಪಾಲು ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ. ತಂತಿಹಗ್ಗ ತುಂಡಾದರೆ ಕಾಲು ಟನ್ ಕಬ್ಬಿಣ ಒಮ್ಮೆಲೇ ಬೀಸಿ ಕೆಳಗೆ ಬಿದ್ದು ತಳದ ಗೂಡನ್ನು ಒಡೆಯಬಹುದು; ಒಡೆದರೆ ನೀರು ಒಳನುಗ್ಗುತ್ತದೆ. ಆಸ್ರವವನ್ನು ವಿವರಿಸಲು ನಮ್ಮ ಶಾಸ್ತ್ರಕಾರರು ತೂತುಬಿದ್ದ ನಾವೆಯ ದೃಷ್ಟಾಂತವನ್ನೇ ಕೊಟ್ಟಿರುವುದು ಎಲ್ಲರಿಗೂ ಗೊತ್ತು. ಆ ದೃಷ್ಟಾಂತವನ್ನು ಪ್ರವಚನದಲ್ಲಿ ಕೇಳುವುದು ಬೇರೆ, ಏಳು ವರ್ಷದ ಮೊಮ್ಮಗ ಕೂರುವ ದೋಣಿಯ ತಳವನ್ನು ನೆನೆಯುವುದು ಬೇರೆ.

ನಾನು ಅರ್ಧ ಆಯುಷ್ಯ ಹಗ್ಗ, ಬೋಲ್ಟು, ರಾಟೆಗಳನ್ನು ಮಾರಿದವನು. ನಮ್ಮ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಕೆಟ್ಟ ಮೋಟಾರನ್ನು ಮೇಲೆತ್ತುವಾಗ ತಂತಿಹಗ್ಗದ ಒಂದು ಎಳೆ ಕಿತ್ತಿದ್ದರೂ ಅದರ ಬಳಿ ನಿಂತ ಕೂಲಿಯವನ ಕೈಕಾಲಿಗೆ ಅಪಾಯ. ಹೀಗಾಗಿ 2019ರಲ್ಲಿ ಅಲ್ಲಿಗೆ ಹೋದಾಗ ಪೆಟ್ಟಿಗೆಯಲ್ಲಿ ವರ್ನಿಯರ್ ಕ್ಯಾಲಿಪರನ್ನು ಇಟ್ಟುಕೊಂಡೇ ಹೋದೆ. ದೋಣಿ ಮಾರಿದವನು ಕೀಲಿನ ಬಗ್ಗೆ ಏನನ್ನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಕೊನೆಯದಾಗಿ ಯಾರು, ಯಾವಾಗ ನೋಡಿದ್ದರೆಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಕೆಲಸ ನಡೆದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಬಂಡಿಯ ಮೇಲಿರುವಾಗ ಕೀಲ್ ಮಡಿಸಿಕೊಂಡೇ ಇರುವುದರಿಂದ ನೋಡಲಾಗದು. ದುರಸ್ತಿಯ ಅಂಗಳದಲ್ಲಿ ದೋಣಿಯನ್ನು ಅಗಲವಾದ ಪಟ್ಟಿಗಳಿಂದ ಎತ್ತಿ, ಊರುಗಂಬಗಳ ಮೇಲೆ ನಿಲ್ಲಿಸಿದರು. ಕೀಲ್‌ನ ಕೆಳಗೆ ಮರದ ದಿಮ್ಮಿಗಳನ್ನು ಅಡಕಿ, ಭಾರವೆಲ್ಲ ಅವುಗಳ ಮೇಲೆ ಕೂತ ನಂತರವೇ ತಳಕ್ಕೆ ನುಸುಳಿದೆವು. ಹಗ್ಗವೊಂದನ್ನೇ ನಂಬಿ ಅದರ ಕೆಳಗೆ ಹೋಗುವುದು ಆತ್ಮಘಾತವೇ ಸರಿ. ನೀರಿನಲ್ಲಿರುವಾಗ ಎರಕದ ಕಬ್ಬಿಣ ತನ್ನ ತೂಕದ ಏಳರಲ್ಲೊಂದು ಪಾಲು ಹಗುರವಾಗಿ ತೋರುತ್ತದೆ; ನೆಲದ ಮೇಲೆ ಆ ರಿಯಾಯಿತಿಯೂ ಇಲ್ಲ.

ಗೂಡಿನೊಳಗೆ ಕೈದೀಪ ಹಿಡಿದಾಗ ಮೊದಲು ಕಂಡದ್ದು ಕಣಜಗಳ ಮಣ್ಣಿನ ಗೂಡು. ಅದರ ತೂತುಗಳೆಲ್ಲ ತೆರೆದಿದ್ದವು, ಮರಿಗಳು ಹಾರಿಹೋಗಿದ್ದವು. ಹಾಗಿಲ್ಲದಿದ್ದರೆ ಕೆಲಸವನ್ನು ಮುಂದೂಡುವುದಾಗಿ ಮಗಳು ಮೊದಲೇ ಹೇಳಿದ್ದಳು. ಮುನಿಗಳು ಕಮಂಡಲುವನ್ನಿಡುವಾಗಲೂ ಎತ್ತುವಾಗಲೂ ಪಿಂಛಿಯಿಂದ ನೆಲವನ್ನು ಸವರುತ್ತಾರೆ. ಆದಾನನಿಕ್ಷೇಪಣ ಸಮಿತಿಯೆಂದರೆ ಅದೇ. ಗೃಹಸ್ಥನಿಗೆ ಪಿಂಛಿಯಿಲ್ಲ, ಕೈದೀಪವಿದೆ.

ಅನಂತರ ಕೀಲ್‌ನ ಕೆಳತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿದೆವು. ತುಸು ಆಟವಿರುವುದು ಸಹಜ. ಇದರಲ್ಲಿ ಟಕ್ ಟಕ್ ಎಂಬ ಶಬ್ದವೇ ಕೇಳಿಸಿತು. ಕೀಲನ್ನು ಹೊರತೆಗೆದು ಅಳೆದಾಗ ಕಾರಣ ತಿಳಿಯಿತು. ಒಂದಂಗುಲ ದಪ್ಪದ, ಎಂದರೆ 25 ಮಿಲಿಮೀಟರಿಗೆ ತುಸು ಮೇಲ್ಪಟ್ಟ ಕೀಲು ನಡುವೆ 2 ಮಿಲಿಮೀಟರು ಸವೆದು ತೊಟ್ಟಿಲಿನಂತೆ ಬಾಗಿತ್ತು. ಕೀಲ್‌ನ ರಂಧ್ರವೂ ದುಂಡಗೆ ಉಳಿಯದೆ ಮೊಟ್ಟೆಯಾಕಾರ ತಾಳಿತ್ತು. ದೋಣಿ ಅಲೆಯ ಮೇಲೆ ತೂಗಿದಷ್ಟು ಸಲ ಕಬ್ಬಿಣ ಕೀಲನ್ನು ಅರೆದಿತ್ತು. ಹೊಸ ಕೀಲು ಹಾಕಿಸಿ, ರಂಧ್ರವನ್ನು ಸರಿಮಾಡಿಸಿ ಒಳಗೆ ಲೋಹದ ಬಳೆ ಕೂರಿಸಿದರು. ಪಕ್ಕದ ಆಟವನ್ನು ತಡೆಯಲು ಎರಡೂ ಬದಿಗೆ ಬಿಲ್ಲೆಗಳನ್ನಿಟ್ಟರು. ಹಿಡಿಕೆಗಳ ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ನೋಡಿದ್ದಾಯಿತು. ಬೇರೆ ಬೇರೆ ಲೋಹಗಳು ಒದ್ದೆಯಲ್ಲಿ ಒಂದಕ್ಕೊಂದು ತಗುಲಿದ್ದರೆ ಕೀಳಾದುದು ಕರಗುತ್ತಾ ಹೋಗುತ್ತದೆ. ಉಪ್ಪುನೀರಿನಲ್ಲಿ ಬೇಗ, ಸಿಹಿನೀರಿನಲ್ಲಿ ನಿಧಾನ. ಇಲ್ಲಿ ಸಿಹಿನೀರಾದುದು ಪುಣ್ಯ.

ತಂತಿಹಗ್ಗವನ್ನು ಬಟ್ಟೆ ಸುತ್ತಿದ ಬೆರಳಿನಿಂದ ಉದ್ದಕ್ಕೂ ಸವರಿದೆ. ಕೊನೆಯ ಗಂಟಿನ ಬಳಿ, ಲೋಹದ ಕೊಳವೆಯೊಳಗೆ ಹಗ್ಗ ಸೇರುವ ಜಾಗದಲ್ಲಿ ಮೂರು ಎಳೆಗಳು ಬಟ್ಟೆಗೆ ಸಿಕ್ಕಿಕೊಂಡವು. ಹೊರಗೆಲ್ಲ ಹೊಳೆಯುವ ಹಗ್ಗ, ಒಳಗೆ ತುಕ್ಕು. ಹಗ್ಗ ದೋಣಿಯೊಳಕ್ಕೆ ಬರುವ ಕೊಳವೆಗೆ ತೊಡಿಸಿದ ರಬ್ಬರು ಬಿರುಕುಬಿಟ್ಟಿತ್ತು; ಅದು ಹರಿದರೂ ನೀರು ಒಳಬರುತ್ತದೆ. ಎರಡನ್ನೂ ಬದಲಿಸಿದೆವು. ರಾಟೆಯ ಹಲ್ಲುಗಳೂ ತಡೆಹಲ್ಲೂ ಚೆನ್ನಾಗಿದ್ದವು. ಆದರೆ ರಾಟೆಯ ಹಿಡಿಯನ್ನು ಕೈಬಿಟ್ಟು ಕೀಲ್ ತಾನೇ ಇಳಿಯಲೆಂದು ಬಿಡುವುದು ಕೂಡದೆಂದು ಅಳಿಯನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಗಿರ್ರನೆ ತಿರುಗುವ ಹಿಡಿ ಮುಂಗೈ ಮುರಿಯುತ್ತದೆ. ಗೂಡಿನ ಒಳಗೋಡೆಯಲ್ಲಿ ಅಂಗೈಯಗಲದ ಒಂದು ತೇಪೆ ಕಂಡಿತು. ಹಿಂದೊಮ್ಮೆ ಕೀಲ್ ಬಿದ್ದು ಒಡೆದದ್ದನ್ನು ಯಾರೋ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು. ದುರಸ್ತಿಗಾರ ತಟ್ಟಿ ನೋಡಿ, ತೇಪೆ ಗಟ್ಟಿಯಾಗಿದೆ, ಆದರೆ ಎರಡು ವರ್ಷಕ್ಕೊಮ್ಮೆ ನೋಡುತ್ತಿರಬೇಕು ಎಂದ.

ಇವೆಲ್ಲವನ್ನೂ ಮಗಳು ಒಂದು ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಟ್ಟಳು. ಬಸದಿಗಳ ಟ್ರಸ್ಟಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: ಹೆಬ್ಬಾಗಿಲ ದೊಡ್ಡ ಗಂಟೆ ತೂಗುವ ಕೊಂಡಿ ತೊಲೆಯೊಳಗೆ ಹುದುಗಿರುತ್ತದೆ. ಅದನ್ನು ಕೊನೆಯ ಬಾರಿ ನೋಡಿದ್ದು ಯಾವ ವರ್ಷವೆಂದು ನಮ್ಮಲ್ಲಿ ಎಷ್ಟು ಬಸದಿಗಳ ಕಡತದಲ್ಲಿದೆ?

ನೀರಿನಿಂದ ಎತ್ತುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿತ್ತು. ಕಪ್ಪುಸಮುದ್ರ, ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಚಿಪ್ಪು ಎಂಬ ಜೀವಿ 1988ರಲ್ಲಿ ಅಮೆರಿಕದ ಮಹಾಸರೋವರಗಳಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಟೆಕ್ಸಾಸಿಗೆ 2009ರಲ್ಲಿ, ಟ್ರಾವಿಸ್ ಜಲಾಶಯಕ್ಕೆ 2017ರಲ್ಲಿ ಬಂತು. ಹೋದ ಕೆರೆಯಲ್ಲಿ ಮೂಲದ ಚಿಪ್ಪುಜೀವಿಗಳ ಮೇಲೆಯೇ ಅಂಟಿ ಅವನ್ನು ಕೊಲ್ಲುತ್ತದೆ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಆದುದರಿಂದ ಕೆರೆಯಿಂದ ಹೊರಡುವಾಗ ದೋಣಿಯಲ್ಲಿನ ನೀರನ್ನೆಲ್ಲ ಬಸಿಯಬೇಕೆಂದು 2014ರಿಂದ ಆ ರಾಜ್ಯದಲ್ಲೆಲ್ಲ ನಿಯಮವಿದೆ. ತೂಗುಕೀಲ್‌ನ ಗೂಡಿನಲ್ಲಿ ನೀರೂ ಪಾಚಿಯೂ ನಿಲ್ಲುವ ಮೂಲೆಗಳು ಹೆಚ್ಚು. ಮಗಳು ಇಳಿಜಾರಿನ ಮೇಲೆ, ನೀರಂಚಿನಲ್ಲಿಯೇ ದೋಣಿ ನಿಲ್ಲಿಸಿ, ಗೂಡಿನ ನೀರು ಮತ್ತೆ ಅದೇ ಕೆರೆಗೆ ಹರಿಯುವಂತೆ ಬಸಿಯುತ್ತಿದ್ದಳು; ಪಾಚಿಯನ್ನು ಕೈಯಿಂದ ತೆಗೆದು ಅಲ್ಲಿಯೇ ಬಿಡುತ್ತಿದ್ದಳು. ನೀರು ಸೋಸಿದ ಬಟ್ಟೆಯನ್ನು ತಿರುವಿ, ಅದರಲ್ಲಿ ಉಳಿದ ಜೀವಗಳನ್ನು ಸೇದಿದ ಬಾವಿಗೇ ಮೆಲ್ಲಗೆ ಇಳಿಸುವ ನಮ್ಮ ಪದ್ಧತಿಗೆ ಉತ್ತರದವರು ಜೀವಾನಿ ಎನ್ನುತ್ತಾರೆ. ಬೇರೆ ಬಾವಿಗೆ ಸುರಿಯಬಾರದೆಂಬುದು ಅದರ ನಿಯಮ. ಆ ನಿಯಮವನ್ನು ಅಮೆರಿಕದ ಸರ್ಕಾರ ತನ್ನದೇ ಕಾರಣಕ್ಕೆ ಕಂಡುಕೊಂಡಿತು.

2023ರಲ್ಲಿ ಬರಗಾಲ ಬಂದು ಜಲಾಶಯ ಅರ್ಧಕ್ಕಿಂತ ಕೆಳಗಿಳಿಯಿತು. ದೋಣಿ ಇಳಿಸುವ ಇಳಿಜಾರುಗಳಲ್ಲಿ ಬಹುತೇಕ ಮುಚ್ಚಿದವು. ಮನೆಯಲ್ಲಿ ಎರಡನೆಯ ಮಗುವೂ ಇತ್ತು. ದೋಣಿಯನ್ನು ಮಾರುವುದೆಂದಾಯಿತು. ಆಗ ಮಗಳ ಎರಡನೆಯ ಪ್ರಶ್ನೆ ಬಂತು. ಅಲ್ಲಿ ಖಾಸಗಿಯವರು ಹಳೆಯ ವಸ್ತುವನ್ನು ‘ಇದ್ದುದು ಇದ್ದಂತೆ’ ಎಂದು ಮಾರುವುದು ರೂಢಿ. ಕೊಳ್ಳುವವನು ನೋಡಿಕೊಳ್ಳಬೇಕು, ಅವನು ಕೇಳದ್ದನ್ನು ಹೇಳಬೇಕಾಗಿಲ್ಲವೆಂದು ಮಿತ್ರರು ಸಲಹೆಯಿತ್ತಿದ್ದರು. ಕೀಲು ಹೇಗೂ ಹೊಸದು. ತೇಪೆಯ ಮಾತು ಎತ್ತಿದರೆ ಬೆಲೆ ಇಳಿಯುತ್ತದೆ. ಹೇಳಬೇಕೇ?

ಬಿ.ಕಾಂ. ಓದಿದವರಿಗೆ ವಾಣಿಜ್ಯ ಕಾನೂನಿನ ಪಾಠ ನೆನಪಿರಬಹುದು. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮು ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ತತ್ತ್ವವನ್ನು ಹೇಳುತ್ತದೆ. 1872ರ ಕರಾರು ಅಧಿನಿಯಮದ 17ನೆಯ ಕಲಮಿನ ಪ್ರಕಾರ ಬರಿಯ ಮೌನ ಸಾಮಾನ್ಯವಾಗಿ ವಂಚನೆಯೆನಿಸದು. ಅಲ್ಲಿ ಕುದುರೆಯ ಉದಾಹರಣೆಗಳಿವೆ. ರೋಗವಿದೆಯೆಂದು ತಿಳಿದೂ ಸುಮ್ಮನಿದ್ದು ಹರಾಜಿನಲ್ಲಿ ಕುದುರೆಯನ್ನು ಅಪರಿಚಿತನಿಗೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಹೇಳುವುದು ತಂದೆಯ ಕರ್ತವ್ಯ. ಮಗಳಿಗೆ ಹೇಳಬೇಕಾದ್ದನ್ನು ಪರರಿಗೆ ಹೇಳಬೇಕಾಗಿಲ್ಲವೆಂಬ ಆ ಭೇದ ವಿದ್ಯಾರ್ಥಿಯಾಗಿದ್ದಾಗಲೇ ನನ್ನನ್ನು ಚುಚ್ಚಿತ್ತು. ಕಾನೂನು ತನ್ನ ಮಟ್ಟಕ್ಕೆ ಸರಿಯಿರಬಹುದು. ಅಣುವ್ರತದಲ್ಲಿ ಮಗಳು, ಅಪರಿಚಿತ ಎಂಬ ಎರಡು ಖಾತೆಗಳಿಲ್ಲ.

ಆದರೆ ಶಾಸ್ತ್ರ ಮೌನವನ್ನು ದೋಷವೆನ್ನುತ್ತದೆಯೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಿವೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಮೌನ ಎಂಬ ಹೆಸರು ಅಲ್ಲಿಲ್ಲ. ನನ್ನ ದೃಷ್ಟಿ ನಿಂತದ್ದು ನ್ಯಾಸಾಪಹಾರದ ಮೇಲೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದನ್ನು ವಿವರಿಸುವ ರೀತಿ ಹೀಗೆ: ಹೊನ್ನನ್ನು ಒಬ್ಬರಲ್ಲಿ ಇರಿಸಿದವನು ಎಷ್ಟು ಇರಿಸಿದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ, ಇಟ್ಟುಕೊಂಡವನು ಹಾಗೆಯೇ ಆಗಲೆಂದು ಒಪ್ಪುತ್ತಾನೆ. ಅವನು ಸುಳ್ಳು ಲೆಕ್ಕ ಕಟ್ಟಲಿಲ್ಲ. ಎದುರಿನವನ ಅರಿವಿನಲ್ಲಿದ್ದ ಕೊರತೆಯನ್ನು ಲಾಭಕ್ಕೆ ಬಳಸಿಕೊಂಡ, ಅಷ್ಟೆ. ತೇಪೆಯನ್ನು ಕಾಣದೆ ಪೂರ್ಣ ಬೆಲೆ ಕೊಡುವವನಿಗೂ ಹೊನ್ನಿನ ಲೆಕ್ಕ ಮರೆತವನಿಗೂ ನಾನು ವ್ಯತ್ಯಾಸ ಕಾಣೆ. ಪಂಡಿತರು ಇದನ್ನು ಅತಿವ್ಯಾಪ್ತಿಯೆಂದರೆ ವಾದಕ್ಕೆ ಸಿದ್ಧನಿದ್ದೇನೆ. ಸಾಲದ್ದಕ್ಕೆ ಇದು ಹಣವೊಂದರ ಮಾತೂ ಅಲ್ಲ. ಅನರ್ಥದಂಡದ ಐದರಲ್ಲಿ ಹಿಂಸಾದಾನವೂ ಒಂದು. ಕತ್ತಿ ಕೊಡಲಿಗಳನ್ನು ಪರರ ಕೈಗೆ ಕೊಡುವುದು. ಒಳದೋಷವನ್ನು ಮುಚ್ಚಿಟ್ಟ ಯಂತ್ರ ಕತ್ತಿಗಿಂತ ಕಡೆ. ಕತ್ತಿಯಾದರೂ ತನ್ನ ಅಲಗನ್ನು ತೋರಿಸುತ್ತದೆ.

ಪುಸ್ತಕವನ್ನೂ ಹಳೆಯ ಕೀಲನ್ನೂ ಕೊಳ್ಳುವವರ ಮುಂದಿಡಲು ಹೇಳಿದೆ. ಮೊದಲು ಬಂದವರು ತೇಪೆಯ ಪುಟವನ್ನು ಓದಿ, ವಂದಿಸಿ ಹೊರಟುಹೋದರು. ಎರಡನೆಯವರು ಬೆಲೆಯನ್ನು ಮೂರನೆಯ ಒಂದು ಭಾಗ ಇಳಿಸಲು ಕೇಳಿದರು, ಅಳಿಯ ಒಪ್ಪಲಿಲ್ಲ. ಎರಡು ತಿಂಗಳು ದೋಣಿ ಅಂಗಳದಲ್ಲಿಯೇ ನಿಂತಿತು. ಆ ಅವಧಿಯಲ್ಲಿ ಮನೆಯೊಳಗೆ ನಡೆದ ಮಾತುಕತೆಗಳಲ್ಲಿ ಮಾವನ ಶಾಸ್ತ್ರಜ್ಞಾನಕ್ಕೆ ಎಷ್ಟು ಗೌರವ ದೊರೆಯಿತೋ ನಾನು ವಿಚಾರಿಸಲಿಲ್ಲ. ಕೊನೆಗೆ ಬಂದವನು ನಿವೃತ್ತ ಶಾಲಾ ಉಪಾಧ್ಯಾಯ. ಪುಸ್ತಕವನ್ನು ಮೊದಲಿನಿಂದ ಓದಿ, ದೋಣಿಯನ್ನು ಎತ್ತಿಸಿ ತೇಪೆಯನ್ನು ತಾನೇ ತಟ್ಟಿ ನೋಡಿ, ಹೇಳಿದ ಬೆಲೆಗಿಂತ ಎಂಟರಲ್ಲೊಂದು ಪಾಲು ಕಡಿಮೆಗೆ ಕೊಂಡ. ಸವೆದ ಕೀಲನ್ನೂ ಕೇಳಿ ತೆಗೆದುಕೊಂಡುಹೋದ. ತಂತಿಹಗ್ಗವನ್ನು ಎರಡು ವರ್ಷಗಳ ನಂತರ ಬದಲಿಸಿದೆನೆಂದು ಮಗಳಿಗೆ ಬರೆದಿದ್ದನಂತೆ. ತೇಪೆ ಹಾಗೆಯೇ ಇದೆಯಂತೆ.